ಕಾರವಾನಿನಲ್ಲಿ ಹಚ್ಚಿದ ಶುಕ್ರವಾರದ ದೀಪ

ಶುಕ್ರವಾರ ಮಧ್ಯಾಹ್ನ ಮಣಿಕೊಂಡದ ನಮ್ಮ ಮನೆಯಲ್ಲಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಅಕ್ಕನ ಫೋನ್ ಬಂತು. ಅವಳೂ ಭಾವನೂ ಆಸ್ಟ್ರೇಲಿಯಾದಲ್ಲಿ ಬಾಡಿಗೆಯ ಕಾರವಾನ್ ಹಿಡಿದು, ಅದರಲ್ಲೇ ಉಂಡು ಮಲಗುತ್ತ, ಸಣ್ಣ ಸಣ್ಣ ಊರು ಸುತ್ತುತ್ತಿದ್ದರು.

“ಕಾರವಾನ್ ಸುಟ್ಟು ಹೋತವಾ,” ಅಂದಳು.

ಬೆರಳ ನಡುವಿನ ಹತ್ತಿ ಹಾಗೇ ನಿಂತಿತು. “ಭಾವಾರು ಎಲ್ಲಿ ಅದಾರ?”

“ಇಲ್ಲೇ ಅದಾರ. ಒಳಗ ದೀಪಾ ಹಚ್ಚಿಟ್ಟು, ಮೆಟ್ಟಲ ಮುಂದ ರಂಗೋಲಿ ಹಾಕಾಕ ಇಳದೆ. ಫೋಟೋ ತೆಗೀರಿ ಅಂತ ಅವರನ್ನೂ ಕರದೆ. ಅಷ್ಟರಾಗ ಕಿಟಕಿ ಪರದೆಗೆ ಬೆಂಕಿ ಹತ್ತಿತ್ತು.”

ಆ ದೀಪ, ಬತ್ತಿ ಎರಡನ್ನೂ ಅವಳ ಪೆಟ್ಟಿಗೆಗೆ ಹಾಕಿದವಳು ನಾನೇ. ಎಲ್ಲಿದ್ದರೂ ಶುಕ್ರವಾರ ತಪ್ಪಿಸಬೇಡ ಎಂದು ಹೇಳಿದವಳೂ ನಾನೇ.

ಭಾವ ಫೋನ್ ಇಸಿದುಕೊಂಡರು. “ನಿಮ್ಮಕ್ಕ ಇಡೀ ಗಾಡೀನ ದೀಪಾ ಮಾಡಿ ಬಿಟ್ಟಾಳ ನೋಡವಾ. ಈಗ ಬಾಜೂ ಗಾಡಿ ಮಂದಿ ಚಾ ಕೊಟ್ಟು ಕುಂದ್ರಿಸ್ಯಾರ.” ನಗಲು ನೋಡಿದರು, ಆಗಲಿಲ್ಲ.

ಇಬ್ಬರೂ ಹೊರಗಿದ್ದರು. ಪಾಸ್‌ಪೋರ್ಟು ಭಾವನ ಸೊಂಟದ ಚೀಲದಲ್ಲಿತ್ತು. ಪಕ್ಕದ ಗಾಡಿಗೆ ಬೆಂಕಿ ತಗಲಿರಲಿಲ್ಲ. ದೇವರು ಇಷ್ಟು ಉಳಿಸಿಕೊಟ್ಟ. ಅದನ್ನೇ ಮತ್ತೆ ಮತ್ತೆ ಹೇಳಿಕೊಂಡೆ.

ಫೋನಿಟ್ಟು ತಲೆಯೆತ್ತಿದರೆ, ನಮ್ಮ ದೇವರ ಗೂಡಿನ ಪರದೆ ದೀಪದಿಂದ ಒಂದು ಗೇಣು ದೂರದಲ್ಲಿ ತೂಗುತ್ತಿತ್ತು. ಎಷ್ಟು ವರ್ಷದಿಂದ ಹಾಗೇ ಇತ್ತೋ. ಸ್ಟೂಲ್ ಹಾಕಿಕೊಂಡು ಹತ್ತಿ ಅದನ್ನು ಬಿಚ್ಚಿದೆ, ಬಕೆಟ್ಟಿನಲ್ಲಿ ನೆನೆಹಾಕಿದೆ.