ಪೇಟಿ ಮಾರ್ತಾಂಡ ತಂತಿ ಎಳೆಯಲು ಕಲಿತದ್ದು

ಪುಣೆಯ ನಾರಾಯಣ ಪೇಠೆಯಲ್ಲಿ ಮಾರ್ತಾಂಡ ಗಲಗಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೇಟಿ ಮಾರ್ತಾಂಡ ಎಂದರೆ ಮೂಲೆಯ ಹೂವಾಡಗಿತ್ತಿಯೂ ಅವನು ಬಾಡಿಗೆಗಿದ್ದ ವಾಡೆಯ ಬಾಗಿಲು ತೋರಿಸುತ್ತಿದ್ದಳು. ಅಥಣಿ ಕಡೆಯ ಹಳ್ಳಿಯವನು. ಮೀಸೆ ಮೂಡುವ ಮೊದಲೇ ನಾಟಕ ಕಂಪನಿಯ ಬೆನ್ನು ಹತ್ತಿ ಮನೆ ಬಿಟ್ಟವನು. ಅಲ್ಲಿ ಪರದೆ ಎಳೆಯುತ್ತ, ದೀಪಗಳಿಗೆ ಎಣ್ಣೆ ಹಾಕುತ್ತ ಹಾರ್ಮೋನಿಯಂ, ಅಂದರೆ ಪೇಟಿ, ಕಲಿತ. ಮುಂದೆ ಟಾಕಿಗಳು ಬಂದು ಕಂಪನಿಗಳು ಒಂದೊಂದಾಗಿ ಮುಳುಗಿದಾಗ ಅವನ ಕಂಪನಿ ಪುಣೆಯಲ್ಲೇ ಮುರಿದುಬಿತ್ತು. ಉಳಿದವರು ಊರ ದಾರಿ ಹಿಡಿದರು. ಮಾರ್ತಾಂಡ ಮಾತ್ರ ನಿಂತ, ಏಕೆಂದರೆ ಕೃಷ್ಣಾಬಾಯಿ ನಿಂತಿದ್ದಳು.

ಕೃಷ್ಣಾಬಾಯಿ ಆ ಕಂಪನಿಯ ನಾಯಕಿ. ಧಾರವಾಡದ ಕಡೆಯ ಹೆಂಗಸು, ಮಾರ್ತಾಂಡನಿಗಿಂತ ನಾಲ್ಕಾರು ವರ್ಷ ದೊಡ್ಡವಳು. ಬಣ್ಣ ತೊಳೆದುಕೊಂಡ ಮೇಲೆ ಆಕೆ ಬೈಠಕ್ಕಿನ ಗಾಯಕಿಯಾದಳು, ಇವನು ಆಕೆಯ ಬಲಕ್ಕೆ ಪೇಟಿ ಹಿಡಿದು ಕುಳಿತ. ಜನ ಏನೇನೋ ಆಡಿಕೊಂಡರು. ಅವರಿಬ್ಬರ ನಡುವೆ ಇದ್ದದ್ದು ಹಾಡು ಮಾತ್ರ. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ತಾನ ಎಲ್ಲಿ ತಿರುಗುತ್ತದೆ ಎಂಬುದು ಅವನ ಬಲಗೈಗೆ ಮೊದಲೇ ತಿಳಿಯುತ್ತಿತ್ತು. ಬೈಠಕ್ಕು ಮುಗಿದು ಟಾಂಗಾದಲ್ಲಿ ಮರಳುವಾಗ ಆಕೆ ತಪ್ಪದೆ ಕೇಳುತ್ತಿದ್ದಳು: “ಹೆಂಗಾತು?” ಮಾರ್ತಾಂಡ ಉಪಚಾರದ ಮಾತು ಆಡುತ್ತಿರಲಿಲ್ಲ. ನಿಷಾದ ಎಲ್ಲಿ ಜಾರಿತು, ಷಡ್ಜ ಎಲ್ಲಿ ಸಡಿಲವಾಯಿತು, ಎಲ್ಲ ಹೇಳುತ್ತಿದ್ದ. ಆಕೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದಳು. ಮರುದಿನ ರಿಯಾಜಿನಲ್ಲಿ ಅದೇ ಜಾಗವನ್ನು ತಿದ್ದಿಕೊಳ್ಳುತ್ತಿದ್ದಳು.

ಅವರ ಜೋಡಿಗೆ ಒಂದೇ ಕೊರತೆಯಿತ್ತು. ದರಬಾರಿ ರಾಗದ ಗಾಂಧಾರ ಇದ್ದಲ್ಲಿ ನಿಲ್ಲುವ ಸ್ವರವಲ್ಲ. ಕೆಳಗಿನ ರಿಷಭದಿಂದ ನಿಧಾನವಾಗಿ ಎದ್ದು ತೂಗಾಡಬೇಕು. ಪೇಟಿಯ ಸ್ವರಗಳು ಮೊಳೆ ಹೊಡೆದಂತೆ ಕೂತಿರುತ್ತವೆ, ತೂಗುವುದಿಲ್ಲ. ಹಾಗಾಗಿ ಕೃಷ್ಣಾಬಾಯಿ ಆ ಗಾಂಧಾರಕ್ಕೆ ಬಂದಾಗಲೆಲ್ಲ ಮಾರ್ತಾಂಡ ಬೆರಳೆತ್ತಿ ಸುಮ್ಮನೆ ಷಡ್ಜ ಹಿಡಿದಿರುತ್ತಿದ್ದ. ಅದು ತಾನು ತೋರುವ ಮರ್ಯಾದೆ ಎಂದು ಅವನು ತಿಳಿದಿದ್ದ. ಕೇಳುವ ಪಂಡಿತರು ಅದನ್ನು ಪೇಟಿಯ ಕುಂಟು ಎನ್ನುತ್ತಿದ್ದರು.

ಯುದ್ಧ ಶುರುವಾದ ಮರುವರ್ಷ ರೇಡಿಯೋದವರು ಹಾರ್ಮೋನಿಯಂ ಬಂದ್ ಮಾಡಿದರು. ಸ್ವರದಿಂದ ಸ್ವರಕ್ಕೆ ಎಳೆಯುವ ಮೀಂಡಿಲ್ಲದ, ಗಮಕವಿಲ್ಲದ ವಾದ್ಯ ಹಿಂದುಸ್ತಾನದ ಸಂಗೀತಕ್ಕೆ ಸಲ್ಲದು ಎಂಬುದು ಅವರ ಮಾತು. ಕೃಷ್ಣಾಬಾಯಿಗೆ ಮುಂಬೈ ರೇಡಿಯೋದಲ್ಲಿ ಆಗಷ್ಟೇ ಹೆಸರು ಬರತೊಡಗಿತ್ತು. ಆಕೆ ಸಾರಂಗಿಯವನೊಬ್ಬನನ್ನು ಗೊತ್ತು ಮಾಡಿಕೊಂಡು ಹೋಗಿ ಹಾಡಿ ಬಂದಳು. ಆ ಸುದ್ದಿ ಮಾರ್ತಾಂಡನಿಗೆ ತಬಲಜಿಯ ಬಾಯಿಂದ ತಿಳಿಯಿತು. ಮುಂದೆ ಸಿಕ್ಕಾಗ ಆಕೆ, ಸರಕಾರದ ಹುಕುಂ, ತನ್ನ ಕೈಯಲ್ಲಿ ಏನಿದೆ ಎಂದಳು. ಆಕೆ ಹುಕುಂ ಮುರಿಯಲಿ ಎಂದು ಮಾರ್ತಾಂಡನೂ ಬಯಸಿರಲಿಲ್ಲ. ಅಲ್ಲಿಯ ಅಧಿಕಾರಿಯ ಎದುರು ಒಂದು ಮಾತು, ಇಷ್ಟು ವರ್ಷ ನನ್ನ ಹಿಂದೆ ಪೇಟಿಯೇ ಇತ್ತು ಎಂಬ ಒಂದೇ ಮಾತು ಆಡಬಹುದಿತ್ತು ಎನ್ನಿಸಿತ್ತು. ಆಕೆ ಆಡಲಿಲ್ಲ.

ರೇಡಿಯೋ ಒಲ್ಲೆ ಎಂದದ್ದನ್ನು ಶ್ರೀಮಂತರ ಮನೆಗಳೂ ಒಲ್ಲೆ ಎಂದವು. ಬೈಠಕ್ಕುಗಳಲ್ಲಿ ಸಾರಂಗಿ ಬಂತು. ಪೇಟಿ ಕಲಿಯುತ್ತಿದ್ದ ಹುಡುಗಿಯರ ತಂದೆಯಂದಿರು ಈಗ ಪರೀಕ್ಷೆ ಇದೆ, ಮದುವೆ ಗೊತ್ತಾಗಿದೆ ಎಂದು ಒಬ್ಬೊಬ್ಬರಾಗಿ ಕಳಚಿಕೊಂಡರು.

ಎಳೆಯುವ ಸ್ವರ ಬೇಕು ತಾನೆ, ಎಳೆದೇ ತೋರಿಸುತ್ತೇನೆ ಎಂಬ ಹಟ ಮಾರ್ತಾಂಡನಿಗೆ ಹತ್ತಿತು. ಸಾರಂಗಿಯವರ ಬಳಿಗೋ ಸಿತಾರಿನವರ ಬಳಿಗೋ ಹೋಗುವಂತಿರಲಿಲ್ಲ. ಅವರೆಲ್ಲ ಅವನನ್ನು ಬಲ್ಲವರು, ನಗುವವರು. ದಂಡಿನವರ ಕ್ಯಾಂಪಿನ ಹೋಟೆಲೊಂದರಲ್ಲಿ ಕಾಯತಾನ ಎಂಬ ಗೋವೆಯವನು ಸಾಹೇಬರ ಕುಣಿತಕ್ಕೆ ಗಿಟಾರು ಬಾರಿಸುತ್ತಿದ್ದ. ಆ ವಾದ್ಯಕ್ಕೆ ಘರಾಣೆಯೂ ಇಲ್ಲ, ಯಾರ ಶಿಷ್ಯ ಎಂದು ಕೇಳುವವರೂ ಇಲ್ಲ. ಮಾರ್ತಾಂಡ ಹೋಟೆಲಿನ ಹಿತ್ತಲ ಬಾಗಿಲಲ್ಲಿ ಅವನನ್ನು ಕಂಡು ತನ್ನ ಹರಕು ಮುರುಕು ಹಿಂದಿಯಲ್ಲಿ ಕೇಳಿಕೊಂಡ. ಕಾಯತಾನನ ಬಳಿ ಒಂದು ಹಳೆಯ ಗಿಟಾರಿತ್ತು. ಅವನ ಇಗರ್ಜಿಗೆ ಒಂದು ಹಾರ್ಮೋನಿಯಂ ಬೇಕಾಗಿತ್ತು. ಹಾಗೆ ಪೇಟಿ ಮಾರ್ತಾಂಡನ ಪೇಟಿ ಏಸುವಿನ ಹಾಡುಗಳಿಗೆ ಹೋಯಿತು, ಗಿಟಾರು ನಾರಾಯಣ ಪೇಠೆಗೆ ಬಂತು.

ಹೆಂಡತಿ ಉಮಾವತಿ ಆ ದಿನ ಒಲೆಯ ಮುಂದಿನಿಂದ ಏಳಲಿಲ್ಲ. “ಅನ್ನಾ ಹಾಕಿದ್ದನ್ನ ಕೊಟ್ಟು ಬಂದ್ರಿ,” ಎಂದಳು. “ಇದು ಏನ್ ಹಾಕ್ತದ ನೋಡೂಣು.”

ಪೇಟಿಯವನಿಗೆ ಗಿಟಾರು ಏಕೆ ಅಷ್ಟು ಕಠಿಣವಾಯಿತೆಂದರೆ, ಪೇಟಿಯಲ್ಲಿ ಬಲಗೈ ಸ್ವರ ಹುಡುಕುತ್ತದೆ, ಎಡಗೈ ಬರಿ ಗಾಳಿ ಹಾಕುತ್ತದೆ. ಗಿಟಾರಿನಲ್ಲಿ ಎಲ್ಲ ತಿರುವುಮುರುವು. ಬದುಕಿನುದ್ದಕ್ಕೂ ಬೀಸಣಿಗೆ ಬೀಸಿದ ಕೈ ಈಗ ಹಾಡಬೇಕಾಗಿತ್ತು. ವಿದ್ಯೆಯೆಲ್ಲ ತುಂಬಿಕೊಂಡಿದ್ದ ಬಲಗೈಗೆ ತಂತಿ ಮೀಟುವುದಷ್ಟೇ ಕೆಲಸ.

ಮೊದಮೊದಲು ಅವನು ಒಂದೇ ಬೆರಳಿಂದ ತಂತಿಯನ್ನು ಮೇಲಕ್ಕೆ ದೂಡಿದ. ಉಕ್ಕಿನ ತಂತಿ ಕದಲಲಿಲ್ಲ. ಬೆರಳ ತುದಿಯಲ್ಲಿ ಗೆರೆ ಕೊರೆದು ಕುಳಿತಿತು. ಜೋರು ಮಾಡಿದರೆ ತಂತಿ ಬೆರಳ ಕೆಳಗಿಂದ ಜಾರಿ ಉಗುರಿನ ಸಂದಿಗೆ ಹೊಕ್ಕಿತು. ಪಕ್ಕದ ತಂತಿಗಳು ಮೈಮೇಲೆ ಯಾರೋ ಬಿದ್ದಂತೆ ಗೊರಗೊರ ಎಂದವು. ಕಾಯತಾನ ನೋಡಿ ನಕ್ಕ. ಅವನು ಸ್ವತಃ ಕುಣಿತದ ಬ್ಯಾಂಡಿನವನು, ತಂತಿಗಳನ್ನು ಒಟ್ಟಿಗೆ ಒತ್ತಿ ತಾಳ ಕೊಡುವವನು. ಎಳೆಯುವುದನ್ನು ಮುಂಬೈ ಬಂದರಿಗೆ ಬಂದ ಹಡಗಿನ ಬ್ಯಾಂಡಿನವನೊಬ್ಬನಿಂದ ನೋಡಿ ಕಲಿತಿದ್ದನಂತೆ. ಬೆರಳಿಂದ ದೂಡಬೇಡ ಎಂದು ಅವನು ಹೇಳಿದ. ಉಂಗುರ ಬೆರಳನ್ನು ತಂತಿಯ ಮೇಲಿಡು, ಅದರ ಹಿಂದೆ ಇನ್ನೆರಡು ಬೆರಳು ಆಸರೆಗಿಡು, ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲೆ ಹಾಯಿಸಿ ಹಿಡಿ, ಆಮೇಲೆ ಬೀಗದಲ್ಲಿ ಕೀಲಿ ತಿರುವಿದಂತೆ ಮಣಿಕಟ್ಟನ್ನು ತಿರುವು. ಬೆರಳು ಸುಮ್ಮನೆ ಜೊತೆಗೆ ಹೋಗುತ್ತದೆ. ಮುಟ್ಟಬೇಕಾದ ಸ್ವರವನ್ನು ಮೊದಲು ಕತ್ತಿನ ಮೇಲೆ ಮುಂದಿನ ಲೋಹದ ಪಟ್ಟಿಯಲ್ಲಿ ಒತ್ತಿ ಕೇಳಿಕೋ, ಆಮೇಲೆ ಹಿಂದಿನ ಪಟ್ಟಿಗೆ ಬಂದು ಅಲ್ಲಿಯವರೆಗೆ ಎಳೆ.

ಆ ಕಡೆಯ ಮಾತು ಮಾರ್ತಾಂಡನಿಗೆ ಬೇಡವಾಗಿತ್ತು. ಮುಟ್ಟಬೇಕಾದ ಸ್ವರ ಅವನ ಕಿವಿಯಲ್ಲಿ ಎಂದಿನಿಂದಲೋ ಇತ್ತು. ಕಷ್ಟವಿದ್ದದ್ದೂ ಅಲ್ಲೇ. ಬೇರೆ ಹೊಸಬರಾದರೆ ಅರ್ಧಕ್ಕೆ ಎಳೆದು ಬಂತೆಂದು ಹಿಗ್ಗುತ್ತಾರೆ. ಅವನಿಗೆ ತಾನು ಎಷ್ಟು ಕೆಳಗೆ ಉಳಿದೆ ಎಂಬುದು ಕೂದಲೆಳೆಯಷ್ಟೂ ಬಿಡದೆ ಕೇಳುತ್ತಿತ್ತು. ಅದೂ ದರಬಾರಿಯ ಗಾಂಧಾರ ಮುಂದಿನ ಪಟ್ಟಿಯವರೆಗೂ ಹೋಗುವ ಸ್ವರವಲ್ಲ. ಅದಕ್ಕೆ ತುಸು ಮೊದಲೇ ನಿಲ್ಲಬೇಕು. ನಿಲ್ಲಿಸುವುದು ಕಲಿತ ಮೇಲೆ ಇಳಿಸುವುದು ಇನ್ನೂ ಕಠಿಣವೆಂದು ತಿಳಿಯಿತು. ಎಳೆದ ತಂತಿ ಮನೆಗೆ ಓಡಲು ಕಾದಿರುತ್ತದೆ. ಅದನ್ನು ತಡೆದು, ಕೈ ನಡುಗದಂತೆ, ನಿಧಾನವಾಗಿ ರಿಷಭಕ್ಕೆ ಕರೆತರಬೇಕು. ಬೆರಳ ತುದಿಗಳಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಅದರ ಮೇಲೇ ತಂತಿ ಒತ್ತಿ ರಕ್ತ ಬಂತು. ಊಟದ ಹೊತ್ತಿಗೆ ಸಾರಿನ ಖಾರ ಗಾಯಕ್ಕೆ ತಾಗದಿರಲಿ ಎಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಉಣ್ಣುತ್ತಿದ್ದ. ವಾಡೆಯವರು ನಳದ ಹತ್ತಿರ ಉಮಾವತಿಯನ್ನು ನಿಲ್ಲಿಸಿ, ನಿಮ್ಮ ಮನೆಯಲ್ಲಿ ಬೆಕ್ಕು ಹೆರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಆಕೆ ಕೊಡ ತುಂಬಿಕೊಂಡು ಒಳಗೆ ಬಂದಳು. ಅವಳು ಹಪ್ಪಳ ಒತ್ತಿ ಮನೆ ನಡೆಸುತ್ತಿದ್ದಳು.

ಎರಡನೆಯ ಗಣಪತಿ ಹಬ್ಬ ಕಳೆಯುವ ಹೊತ್ತಿಗೆ ಗಾಂಧಾರ ಬಂತು. ಒಂದು ಮಧ್ಯಾಹ್ನ ಮಾರ್ತಾಂಡ ಎಳೆದ. ಸ್ವರ ಎದ್ದಿತು, ತೂಗಿತು, ಬೇಕಾದಲ್ಲಿ ನಿಂತು ಇಳಿಯಿತು. ಮತ್ತೆ ಎಳೆದ, ಮತ್ತೆ ಬಂತು. ಅವನು ಅಂಗಿ ಹಾಕಿಕೊಂಡು, ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೃಷ್ಣಾಬಾಯಿಯ ಮನೆಗೆ ನಡೆದ.

ಆಕೆ ಆದರದಿಂದಲೇ ಕೂರಿಸಿಕೊಂಡಳು. ಅವನು ನುಡಿಸಿದ. ಆಕೆ ಕಣ್ಣು ಮುಚ್ಚಿ ಕೇಳಿದಳು, ಗಾಂಧಾರ ಬಂದಲ್ಲಿ ತಲೆದೂಗಿದಳು.

“ಭಾಳ ಛಲೋ ಎಳದಿ,” ಎಂದಳು ಮುಗಿದ ಮೇಲೆ. “ಆದ್ರ ಮಾರ್ತಾಂಡ, ನಾ ತಾನ ತಗೊಂಡು ಓಡಿದ್ರ ಈ ಕೈ ನನ್ನ ಹಿಂದ ಬರ್ತದೇನು?”

ಅವನಿಗೆ ಉತ್ತರ ಗೊತ್ತಿತ್ತು. ಒಂದು ಸ್ವರವನ್ನು ಎಳೆಯಲು ಅವನಿಗೆ ಬೇಕಾದ ಹೊತ್ತಿನಲ್ಲಿ ಆಕೆ ಸಪ್ತಕ ಏರಿ ಇಳಿದಿರುತ್ತಿದ್ದಳು.

ಆಕೆ ಎಲೆ ಅಡಿಕೆಯ ತಟ್ಟೆ ಮುಂದೆ ತಳ್ಳಿದಳು. ತಂಬೂರಿಯ ಹುಡುಗಿಗೆ ಮದುವೆಯಾಯಿತು, ಮುಂಬೈಗೆ ಬರುವವರು ಯಾರೂ ಇಲ್ಲ ಎಂದಳು. “ತಂಬೂರಿ ಹಿಡೀತಿ ಅಂದ್ರ ಕರಕೊಂಡು ಹೋಗ್ತೀನಿ. ನಿನ್ನ ಬಿಟ್ಟು ನನಗೂ ಒಂಥರಾ ಆಗ್ತದ.”

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದೇ ಅವನನ್ನು ಹೆಚ್ಚು ಚುಚ್ಚಿತು. ತಂಬೂರಿ ಹಿಡಿಯುವುದು ಕಲಿಯುವವರ ಕೆಲಸ; ನಾಲ್ಕು ತಂತಿಗಳನ್ನು ಒಂದಾದ ಮೇಲೊಂದು ಮೀಟುತ್ತ ಕೂರಬೇಕು, ಅಷ್ಟೇ. ಮನೆಗೆ ಬಂದು ಅವನು ಉಮಾವತಿಗೆ ಹೇಳಿದ, ಹೋಗುವುದಿಲ್ಲ ಎಂದೂ ಹೇಳಿದ. ಅವಳು ಹಪ್ಪಳದ ಹಿಟ್ಟಿನಿಂದ ತಲೆ ಎತ್ತದೆ, “ಹೋಗ್ರಿ,” ಎಂದಳು. ಅವನು ಹೋದ.

ಮುಂಬೈ ರೇಡಿಯೋದ ಕೋಣೆಯಲ್ಲಿ ಅವನನ್ನು ಗೋಡೆಗೆ ತಾಗಿ ಕೂರಿಸಿದರು. ಹಾಡು ಮುಗಿದಾಗ ಗಾಯಕಿಯ ಹೆಸರು, ತಬಲಾದವನ ಹೆಸರು, ಸಾರಂಗಿಯವನ ಹೆಸರು ಹೇಳಿದರು. ತಂಬೂರಿಯವನ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಬೋರಿಬಂದರ ಸ್ಟೇಶನ್ನಿನಿಂದ ಗಾಡಿ ಹೊರಟು ಕಲ್ಯಾಣ ದಾಟಿದ ಮೇಲೆ ಕೃಷ್ಣಾಬಾಯಿ ಹಿಂದಿನಂತೆಯೇ ಅವನ ಕಡೆ ತಿರುಗಿ ಕೇಳಿದಳು: “ಹೆಂಗಾತು?”

ಆ ದಿನ ಆಕೆಯ ಗಾಂಧಾರ ತುಸು ಏರಿತ್ತು. ತಿಳಿದವರಿಗೆ ಮಾತ್ರ ತಿಳಿಯುವಷ್ಟು. ಮಾರ್ತಾಂಡ ಕಿಟಕಿಯಿಂದ ಹೊರಗೆ ನೋಡುತ್ತ, “ಛಲೋ ಆತ್ರಿ,” ಎಂದ.

ಅವನು ಆಕೆಗೆ ಹೇಳಿದ ಮೊದಲ ಸುಳ್ಳು ಅದು. ಆಕೆ ನಂಬಿ ಸೀಟಿಗೆ ಒರಗಿದಳು. ಆಮೇಲೆ ಪ್ರತಿ ಸಲವೂ ಆಕೆ ಕೇಳಿದಳು, ಪ್ರತಿ ಸಲವೂ ಅವನು ಅದನ್ನೇ ಹೇಳಿದ. ಸಾರಂಗಿಯವನಿಗೆ ಆಕೆಯನ್ನು ತಿದ್ದುವ ಧೈರ್ಯವಿರಲಿಲ್ಲ. ಆಕೆ ಎಲ್ಲಿ ಹೋದರೆ ಅಲ್ಲಿಗೆ ಸಾರಂಗಿಯನ್ನು ಒಯ್ಯುತ್ತಿದ್ದ. ವಯಸ್ಸು ಏರಿದಂತೆ ಗಂಟಲು ದಣಿಯಿತು. ಏರಿದ ಗಾಂಧಾರ ಏರಿಯೇ ಉಳಿಯಿತು, ಬರಬರುತ್ತ ಷಡ್ಜವೂ ಅಲುಗಿತು. ಹಿಂದಿನ ದಿನಗಳಾಗಿದ್ದರೆ ಒಂದು ಟಾಂಗಾ ಪ್ರಯಾಣದಲ್ಲಿ ತಿದ್ದಿಹೋಗುತ್ತಿದ್ದ ತಪ್ಪುಗಳು ಗಟ್ಟಿಯಾಗಿ ಬೇರೂರಿದವು. ಮಾರ್ತಾಂಡ ಹಿಂದೆ ಕುಳಿತು ತಂಬೂರಿ ಮೀಟುತ್ತ ಅದನ್ನೆಲ್ಲ ಕೇಳುತ್ತಿದ್ದ. ಮೊದಲು ಅದರಲ್ಲಿ ಒಂದು ಸುಖವಿತ್ತು. ಆಮೇಲೆ ಅದೂ ಹೋಯಿತು, ಆದರೆ ಸುಳ್ಳು ನಾಲಗೆಗೆ ಒಗ್ಗಿತ್ತು.

ಯುದ್ಧ ಮುಗಿದ ವರ್ಷ ಮುಂಬೈಯಿಂದ ಕರೆ ಬರುವುದು ನಿಂತಿತು. ಪುಣೆಯಲ್ಲೇ ಒಂದು ಬೈಠಕ್ಕಿನಲ್ಲಿ ಮುಂದಿನ ಸಾಲಿನ ಹಳೆಯ ರಸಿಕರಿಬ್ಬರು ದರಬಾರಿಯ ನಡುವೆಯೇ ಎದ್ದು ಹೋದರು. ಮರುದಿನ ಕೃಷ್ಣಾಬಾಯಿ ಮಾರ್ತಾಂಡನನ್ನು ಕರೆಸಿದಳು. ಅವನು ಬಂದು ಬಾಗಿಲಲ್ಲೇ ನಿಂತ.

“ನನ್ನ ಗಾಂಧಾರ ಕೆಟ್ಟದ ಅಂತ ನಿನಗ ಗೊತ್ತಿತ್ತೇನು?”

ಅವನು ಹೌದೆನ್ನುವಂತೆ ತಲೆಯಾಡಿಸಿದ.

“ಎಂದಿನಿಂದ?”

“ನಾ ತಂಬೂರಿಯವ ಆದಾಗಿನಿಂದ ರೀ.”

ಆಕೆ ಬೈಯಲಿಲ್ಲ. ಹೋಗು ಎಂದು ಕೈಯಿಂದ ಸನ್ನೆ ಮಾಡಿದಳು. ಆ ಚಳಿಗಾಲದಲ್ಲೇ ಮನೆ ಬಿಟ್ಟು ಧಾರವಾಡದ ತಂಗಿಯ ಬಳಿಗೆ ಹೋದಳು. ಮುಂದೆ ಆಕೆ ಹಾಡಿದ್ದನ್ನು ಪುಣೆಯಲ್ಲಿ ಯಾರೂ ಕೇಳಲಿಲ್ಲ.

ಮಾರ್ತಾಂಡ ಬುಧವಾರ ಪೇಠೆಯ ವಾದ್ಯದಂಗಡಿಯೊಂದರಲ್ಲಿ ವಾದ್ಯಗಳಿಗೆ ಶ್ರುತಿ ಕೂಡಿಸುವ ಕೆಲಸ ಹಿಡಿದ. ರಜೆಯ ದಿನ ಒಮ್ಮೊಮ್ಮೆ ಗಿಟಾರು ತೆಗೆಯುತ್ತಿದ್ದ. ಕೈ ಈಗ ಪಳಗಿತ್ತು, ಕೇಳುವವರು ಇರಲಿಲ್ಲ. ಸಂಗೀತದ ಗಂಧವಿಲ್ಲದ ಉಮಾವತಿ ಒಂದು ಸಂಜೆ ಬಟ್ಟೆ ಮಡಿಸುತ್ತ ಕೇಳಿ, ಕೈ ನಿಲ್ಲಿಸಿದಳು.

“ಇದು ಕೃಷ್ಣಾಬಾಯಿಯವರು ಹಾಡಿದಂಗ ಆಗ್ತದಲ್ರಿ,” ಎಂದಳು. “ಮೊದಲ ಹಾಡ್ತಿದ್ರಲ್ಲ, ಹಂಗ.”

ಮಾರ್ತಾಂಡ ಎಳೆದ ತಂತಿಯನ್ನು ಇಳಿಸಲಿಲ್ಲ, ಬೆರಳು ತೆಗೆದುಬಿಟ್ಟ. ಗಿಟಾರನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡು ನದಿಯ ಕಡೆ ನಡೆದ. ಉಮಾವತಿ ಉಳಿದ ಬಟ್ಟೆಗಳನ್ನು ಮಡಿಸಿಟ್ಟಳು.