ಶಹಾಬಾದ್ ಕಲ್ಲಿನ ಲ್ಯಾಬು

ಇವತ್ತು ಬೆಳಿಗ್ಗೆ ಅಡುಗೆಮನೆಯ ತುಂಬ ನಿಂಬೆಹಣ್ಣಿನ ವಾಸನೆ. ಹೆಂಡತಿ ಉಪ್ಪಿನಕಾಯಿಗೆ ಹೋಳು ಮಾಡುತ್ತಿದ್ದಳು. ರಸ ಕಟ್ಟೆಯ ಮೇಲೆ ಹರಿದಿತ್ತು. ಒರೆಸಿ ನೋಡಿದರೆ ಶಹಾಬಾದ್ ಕಲ್ಲಿನ ಹೊಳಪು ಹೋಗಿ ಅಲ್ಲೊಂದು ಬೆಳ್ಳನೆಯ ಕಲೆ.

"ಯಾಕ ನಗ್ಲಿಕತ್ತೀರಿ?" ಎಂದಳು.

ನಗದೆ ಏನು ಮಾಡಲಿ, ನೀವೇ ಹೇಳಿ. ನನ್ನ ಸಂಶೋಧನಾ ಜೀವನದ ಕಥೆಯೆಲ್ಲ ಆ ಕಲೆಯಲ್ಲಿದೆ.

ನಾನು ಸೇಡಂನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ವಿದ್ಯುತ್ ಹರಿಸಿದರೆ ಬೆಳಗುವ ಸಾವಯವ ವಸ್ತುಗಳನ್ನು ತಯಾರಿಸುವುದು ನಾನು ಕಲಿತ ವಿದ್ಯೆ. ನಿಮ್ಮ ಮೊಬೈಲಿನ ಪರದೆಯಲ್ಲೂ ಅಂಥವು ಇರಬಹುದು. ಊರಿನವರು ಮಾತ್ರ ಸಾವಯವ ಎಂದೊಡನೆ ತೊಗರಿಗೆ ಯಾವ ಗೊಬ್ಬರ ಹಾಕಬೇಕೆಂದು ಕೇಳುತ್ತಾರೆ. ನಾನೂ ಗಂಭೀರವಾಗಿ ಏನಾದರೊಂದು ಹೇಳುತ್ತೇನೆ. ಡಾಕ್ಟರೇಟ್ ಪಡೆದವನಿಗೆ ಗೊತ್ತಿಲ್ಲ ಎನ್ನುವ ಅಭ್ಯಾಸ ತಪ್ಪಿಹೋಗಿರುತ್ತದೆ.

ಹಲವು ವರ್ಷಗಳ ಹಿಂದೆ ನನಗಿದ್ದ ಆಸೆ ಒಂದೇ: ನನ್ನ ಕೈಕೆಳಗೆ ಒಬ್ಬರಾದರೂ ಪಿಎಚ್‌ಡಿ ಮಾಡಬೇಕು. ವಾಡಿಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ನಸ್ರೀನ್ ಎಂಬ ವಿದ್ಯಾರ್ಥಿನಿ ತಯಾರಾಗಿದ್ದಳು. ರೈಲ್ವೆಯಲ್ಲಿದ್ದ ಅವಳ ತಂದೆ, ಮಗಳು ಸಂಜೆ ಮನೆ ಸೇರುವುದಾದರೆ ಎಷ್ಟು ಬೇಕಾದರೂ ಓದಲಿ ಎಂದಿದ್ದರು. ಕಾಲೇಜಿಗೆ ಸಂಶೋಧನಾ ಕೇಂದ್ರದ ಮಾನ್ಯತೆ ಸಿಗುವುದೊಂದೇ ಬಾಕಿ.

ಲ್ಯಾಬು ಸಜ್ಜುಗೊಳಿಸುವ ಹೊಣೆ ನನ್ನದಾಯಿತು. ಕಟ್ಟೆಗೆ ಗ್ರಾನೈಟ್ ಹಾಕಿಸೋಣ ಎಂದರು ಪ್ರಾಂಶುಪಾಲರು. "ನಮ್ಮ ನೆಲದ ಕಲ್ಲ ಇರಬೇಕಾದ್ರ ಹೊರಗಿಂದ್ಯಾಕ್ರಿ?" ಎಂದು ಭಾಷಣ ಮಾಡಿ, ಹಟ ಹಿಡಿದು ಶಹಾಬಾದ್ ಕಲ್ಲು ಹಾಕಿಸಿದೆ. ನಾನು ಅಂಬೆಗಾಲಿಟ್ಟಿದ್ದು, ಉಂಡದ್ದು, ಮಲಗಿದ್ದು ಎಲ್ಲ ಆ ಕಲ್ಲಿನ ಮೇಲೆಯೇ. ಸುಣ್ಣದ ಕಲ್ಲು ಆಮ್ಲದಲ್ಲಿ ಕರಗುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಆದರೆ ಪಾಠದ ಕಲ್ಲೂ ಮನೆಯ ಕಲ್ಲೂ ಒಂದೇ ಎಂಬುದು ಈ ಪಂಡಿತನಿಗೆ ಹೊಳೆಯಲೇ ಇಲ್ಲ.

ತಪಾಸಣಾ ಸಮಿತಿ ಬಂದ ದಿನ ಬಿಳಿ ಕೋಟು ತೊಟ್ಟು ಪ್ರಯೋಗ ತೋರಿಸಲು ಹೋದೆ. ಕೋಟಿನ ತೋಳು ಬಾಟಲಿಗೆ ತಗುಲಿ ಹೈಡ್ರೋಕ್ಲೋರಿಕ್ ಆಮ್ಲ ಚೆಲ್ಲಿತು. ಕಟ್ಟೆ ಸುಂಯ್ ಎಂದು ನೊರೆಯೆದ್ದಿತು. ಅಧ್ಯಕ್ಷರು ಬಗ್ಗಿ ನೋಡಿ ತಣ್ಣಗೆ, "ಡಾಕ್ಟರ್ ಸಾಹೇಬ್ರ, ಈ ಕಟ್ಟಿ ಎಷ್ಟ್ ದಿನ ಬಾಳತದ್ರಿ?" ಎಂದರು. ನಸ್ರೀನ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮಾನ್ಯತೆ ಸಿಗಲಿಲ್ಲ.

ಕೊನೆಗೆ ನಾನೇ ವಾಡಿಯ ಕ್ವಾರ್ಟರ್ಸಿಗೆ ಹೋಗಿ, ಅವಳನ್ನು ಪಿಎಚ್‌ಡಿ ಮಾಡಲು ಹೈದರಾಬಾದಿಗೆ ಕಳಿಸಿ ಎಂದು ತಂದೆಯನ್ನು ಬೇಡಿಕೊಂಡೆ. ಅವರು ಚಹಾ ತರಿಸಿ ನನ್ನ ಕೈಗೆ ಕೊಟ್ಟರು.

"ನಿಮ್ಮ ಭರೋಸಾ ಮ್ಯಾಲ ಕಳಸ್ತೀನ್ರಿ. ಆದ್ರ ನೀವು ಒಬ್ರೇ ಆತೀರಲ್ರಿ?"

ಚಹಾದ ಲೋಟ ಕೆಳಗಿಟ್ಟು ಕೈಮುಗಿದೆ.

ಆಮೇಲೆ ಗ್ರಾನೈಟ್ ಬಂತು, ಮಾನ್ಯತೆಯೂ ಬಂತು, ವಿದ್ಯಾರ್ಥಿಗಳು ಬರಲಿಲ್ಲ. ನೀಲಿ ಬೆಳಕು ಕೊಟ್ಟೂ ಬೇಗ ಕೆಡದ ವಸ್ತುವೊಂದರ ಯೋಚನೆ ಮಾತ್ರ ತಲೆಯಲ್ಲಿ ಉಳಿದಿತ್ತು. ನಿವೃತ್ತಿಯೊಳಗೆ ನಾನೇ ಮಾಡಿ ಹೆಸರು ಗಳಿಸುತ್ತೇನೆಂದು ಯಾರಿಗೂ ಹೇಳದೆ ಕಾಯ್ದಿಟ್ಟುಕೊಂಡಿದ್ದೆ.

ಇವತ್ತು ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ನಸ್ರೀನಳ ಫೋನು. ಈಗ ಅವಳು ಹೈದರಾಬಾದಿನಲ್ಲಿ ಪ್ರಾಧ್ಯಾಪಕಿ.

"ಸರ್, ನನ್ನ ಹತ್ರ ಮೊದಲ್ನೇ ಸ್ಟೂಡೆಂಟ್ ಬಂದಾಳ್ರಿ. ನಮ್ಮ ಕುಂಚಾವರಂ ಕಡೀ ಹುಡುಗಿ. ಯಾವ ವಿಷಯ ಕೊಡ್ಲ್ರಿ?"

ಒಂದು ಕ್ಷಣ ಜಿಪುಣತನ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಆ ನೀಲಿ ಬೆಳಕಿನ ಯೋಚನೆಯನ್ನೆಲ್ಲ ಹೇಳಿಬಿಟ್ಟೆ. ಅವಳು, "ಇದು ನೀವು ಮಾಡೂದು ಅದ ಸರ್. ನೀವೇ ಇಟ್ಕೋರಿ" ಎಂದಳು.

"ನನ್ನ ಕೈಲೆ ಆಗಲ್ಲವ್ವ. ಆ ಹುಡುಗಿಗಿ ಕೊಡು."

ಫೋನಿಟ್ಟು ಖಾಲಿ ಲ್ಯಾಬಿನಲ್ಲಿ ಕುಳಿತೆ. ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು, ಸಂತೋಷವೇ ಹೆಚ್ಚಿತ್ತು. ಆಗ ನೆನಪಾಯಿತು, ಆ ಹುಡುಗಿಯ ಹೆಸರನ್ನೇ ಕೇಳಿರಲಿಲ್ಲ. ಮತ್ತೆ ಫೋನ್ ಹಚ್ಚಿದೆ.