ನಾದಿನಿಯ ವೈವಾ, ನಮ್ಮ ಸಂಡಿಗೆ

ಮೇ ತಿಂಗಳ ಕೊನೆಯಲ್ಲಿ, ಸಮುದ್ರದಂಚಿನ ಬಂದರೂರಿನ ಮಂಗೋರ್ ಹಿಲ್‌ನ ನಮ್ಮ ಕಟ್ಟಡಕ್ಕೆ ಬೆಳಗಾಗುತ್ತಿದ್ದುದೇ ತಾರಸಿಯ ಮೇಲೆ. ಅಂದೂ ಹಾಗೆಯೇ. ಪಾವ್ ಮಾರುವವನ ಸೈಕಲ್ಲಿನ ಭೋಂಪು ಇಳಿಜಾರಿನ ಕೆಳಗೆ ಕೇಳಿಸುವ ಹೊತ್ತಿಗೆ ನಾನು ಅಕ್ಕಿಹಿಟ್ಟಿನ ಗಂಜಿ ಕಾಸಿ, ಜೀರಿಗೆ ಉದುರಿಸಿ, ಹಳೆಯ ಧೋತರದ ಮೇಲೆ ಚಮಚದಿಂದ ಸಂಡಿಗೆ ಇಡುತ್ತಿದ್ದೆ. ಪಕ್ಕದಲ್ಲಿ ಕೆಳಮನೆಯಾಕೆ, ಊರಿನ ಹೆಸರಿನಿಂದಲೇ ಎಲ್ಲರೂ ಕರೆಯುವ ಹುಬ್ಬಳ್ಳಿಯವರು, ಸಾಬೂದಾಣಿಯದನ್ನು ಇಡುತ್ತಿದ್ದರು. ಅವರ ಸಂಡಿಗೆಗಳು ಮದುವೆ ಮನೆಯ ಗ್ರೂಪ್ ಫೋಟೋದ ಹಾಗೆ ಒಂದರ ಮೇಲೊಂದು ಒರಗಿರುತ್ತಿದ್ದವು. ನನ್ನವು ಕಾನ್ವೆಂಟಿನ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ. ಮೇಲ್ಮನೆಯ ಬೆಳಗಾವಿಯವರು ಮೆಣಸಿನಕಾಯಿ ಹರವುತ್ತ, ಹರವುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು.

ನಮ್ಮ ತಾರಸಿಗೆ ಒಂದು ಕಾನೂನಿತ್ತು. ಆ ತಿಂಗಳ ಮೋಡವನ್ನು ನಂಬುವಂತಿಲ್ಲ. ಮೊದಲ ಹನಿ ಯಾರ ಮೈಮೇಲೆ ಬಿದ್ದರೂ ಅವರು ತಮ್ಮದನ್ನು ಬಾಚಿಕೊಳ್ಳುವ ಮುಂಚೆ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಬೇಕು. ಕೂಗುವಷ್ಟರಲ್ಲಿ ಕೂಗಿದವರದು ತೋಯ್ದು ಹೋಗುವುದೂ ಉಂಟು. ಆದರೆ ಉಳಿದವರದು ಉಳಿಯುತ್ತದೆ. ನಾಳೆ ಇನ್ನೊಬ್ಬರು ಕೂಗುತ್ತಾರೆ, ಆಗ ಇವರದು ಉಳಿಯುತ್ತದೆ. ಹುಬ್ಬಳ್ಳಿಯವರ ಕೂಗು ಎಷ್ಟು ಪ್ರಖ್ಯಾತವೆಂದರೆ, ಅದನ್ನು ಕೇಳಿ ಎದುರು ಕಟ್ಟಡದವರೂ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು.

ಅಂದು ನನ್ನ ನಾದಿನಿಯ ಪಿಎಚ್‌ಡಿ ವೈವಾ, ಮೌಖಿಕ ಪರೀಕ್ಷೆ. ಯಜಮಾನರ ತಂಗಿ, ನಮ್ಮ ಮನೆಯಲ್ಲೇ ಇದ್ದು ಓದಿದವಳು. ಕೋವಿಡ್ಡಿಗೂ ಮುಂಚಿನ ಮಾತಿದು: ಕೆಲವು ವರ್ಷಗಳ ಹಿಂದೆ ಸಾರ್ಸ್ ಜ್ವರ ತಂದು ಲೋಕವನ್ನೆಲ್ಲ ಹೆದರಿಸಿತಲ್ಲ, ಆ ಕೊರೊನಾವೈರಸ್ಸಿನ ಮೇಲೆ ಅವಳ ಸಂಶೋಧನೆ. ವೈರಸ್ಸನ್ನೇನೂ ಅವಳು ಮುಟ್ಟುತ್ತಿರಲಿಲ್ಲ. ಅದರ ಒಂದೇ ಒಂದು ಪುಟ್ಟ ಪ್ರೋಟೀನನ್ನು ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಬಿಟ್ಟು, ಅದು ಮಾಡುವ ಕಿತಾಪತಿಯನ್ನು ನೋಡುವುದು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಅತ್ತೆ ಅವಳ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಿಸುತ್ತಿದ್ದರು.

ನಾದಿನಿ ಕೆಲಸದಲ್ಲಿ ಹುಲಿ, ಮಾತಿನಲ್ಲಿ ಇಲಿ. ಹಿಂದಿನ ಸೆಮಿನಾರಿನಲ್ಲಿ ಯಾರೋ ಸರಳವಾಗಿ ಹೇಳಮ್ಮ ಎಂದದ್ದಕ್ಕೆ ಇವಳ ಬಾಯಿ ಕಟ್ಟಿಹೋಗಿ, ಇನ್ನೊಮ್ಮೆ ಬಾ ಎಂದು ಕಳಿಸಿದ್ದರು. ಈ ಸಲವೂ ಹಾಗಾದರೆ ಪದವಿ ಮುಂದಕ್ಕೆ ಹೋಗುತ್ತದೆ, ಪುಣೆಯ ಲ್ಯಾಬಿನಲ್ಲಿ ಅವಳಿಗಾಗಿ ಕಾದಿದ್ದ ಕೆಲಸ ಬೇರೆಯವರ ಪಾಲಾಗುತ್ತದೆ. ರಾತ್ರಿ ಊಟವನ್ನೂ ಮಾಡಿರಲಿಲ್ಲ, ಹುಡುಗಿ.

ತಾರಸಿಗೆ ಬಂದು ನೀರಿನ ಟ್ಯಾಂಕಿನ ಸುತ್ತ ತಿರುಗತೊಡಗಿದಳು.

"ವೈನಿ, ಬಾಯಿ ಒಣಗಾಕತ್ತೇತ್ರಿ."

"ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳತಿದ್ರು ನೋಡು, ಕೊನೀ ಬೆಂಚಿನ ಮುಖ ನೋಡಿ ಮಾತಾಡಬೇಕು ಅಂತ. ಮುಂದಿನವ್ರನ್ನ ನೋಡಲೇಬ್ಯಾಡ," ಎಂದೆ.

"ಕೊನೀ ಬೆಂಚಿನ್ಯಾಗ ಯಾರ ಇರತಾರ್ರಿ?"

"ನಾವು ಇರತೇವಲ್ಲವಾ!" ಎಂದರು ಹುಬ್ಬಳ್ಳಿಯವರು, ಚಮಚ ಎತ್ತಿ.

ಇವರೂ ಬರುತ್ತಾರೆಂದು ನನಗೇ ಗೊತ್ತಿರಲಿಲ್ಲ! ವೈವಾ ಎಂದರೆ ಯಾರು ಬೇಕಾದರೂ ಕೂತು ಕೇಳಬಹುದು, ಮನೆಯವರು ತಿಂಡಿ ಒಯ್ಯುವುದು ಪದ್ಧತಿ ಎಂದು ಹಿಂದಿನ ದಿನ ನಾನೇ ಹೇಳಿದ್ದೆ. ತಿಂಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಇಬ್ಬರೂ ಸೀರೆ ತೆಗೆದಿಟ್ಟಿದ್ದರಂತೆ. ಬೆಳಗಾವಿಯವರು ಇಳಕಲ್ ಸೀರೆಗೆ ಸುಗಂಧ ಪೂಸಿಕೊಂಡು ಬಂದರು. ಟ್ಯಾಕ್ಸಿಯಲ್ಲಿ ಹುಬ್ಬಳ್ಳಿಯವರು ಮುಂದೆ; ಹಿಂದೆ ಶೇಂಗಾ ಉಂಡೆಯ ಡಬ್ಬಿ ನನ್ನ ತೊಡೆಯ ಮೇಲೆ, ಸಮೋಸದ ಬುಟ್ಟಿ ಬೆಳಗಾವಿಯವರ ತೊಡೆಯ ಮೇಲೆ, ನಡುವೆ ನಾದಿನಿ ಕಣ್ಣು ಮುಚ್ಚಿ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ "ಲಗ್ನ ಕಾ?" ಎಂದು ಕೇಳಿದ.

"ಲಗ್ನ ಅಲ್ಲೋ, ವೈರಸ್ಸು," ಎಂದರು ಬೆಳಗಾವಿಯವರು. ಅವನು ಆಮೇಲೆ ಗಾಡಿಯ ಎಲ್ಲ ಕಿಟಕಿಗಳನ್ನೂ ಇಳಿಸಿಬಿಟ್ಟ.

ವಿಶ್ವವಿದ್ಯಾಲಯದ ಹಾಲ್ ಸಣ್ಣದು. ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ಈಜುತ್ತಿತ್ತು. ನಾವು ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ. ಬೇರೆ ರಾಜ್ಯದಿಂದ ಬಂದ ಪರೀಕ್ಷಕರು ಮುಂದೆ, ನಮಗೆ ಮುಖ ಕಾಣುವ ಹಾಗೆ ಅಡ್ಡಕ್ಕಿಟ್ಟ ಕುರ್ಚಿಯಲ್ಲಿ. ಅವರ ಒಂದು ಕಾಲುಚೀಲ ಕಪ್ಪು, ಇನ್ನೊಂದು ಕಡುನೀಲಿ ಎಂಬುದನ್ನು ನೋಡಿ ನನಗೇಕೋ ಸ್ವಲ್ಪ ಧೈರ್ಯ ಬಂತು. ನಾದಿನಿ ಸ್ಲೈಡುಗಳನ್ನು ಓದಿದಳು. ಓದಿದಳು ಅಷ್ಟೇ. ಎಲ್ಲಾ ಇಂಗ್ಲಿಷಿನ ಗಿಡ್ಡ ಗಿಡ್ಡ ಅಕ್ಷರಗಳ ಹೆಸರು. ಹುಬ್ಬಳ್ಳಿಯವರು ಆಗಲೇ ಆಕಳಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆಮೇಲೆ ಪರೀಕ್ಷಕರು ಕೇಳಿಯೇಬಿಟ್ಟರು, ಬಹಳ ಮೆತ್ತಗೆ, ಇಂಗ್ಲಿಷಿನಲ್ಲಿ: "ನಿಮ್ಮ ಮನೆಯವರು ಬಂದಿದ್ದಾರಲ್ಲ, ಅವರಿಗೆ ಅರ್ಥವಾಗುವ ಹಾಗೆ ಇದನ್ನು ಹೇಗೆ ಹೇಳುತ್ತೀರಿ?"

ಅವಳು ಸ್ಲೈಡು ಬಿಟ್ಟು ಅವರ ಕಡೆ ತಿರುಗಿದಳು. ಕೈಯಲ್ಲಿದ್ದ ಲೇಸರಿನ ಕೆಂಪು ಚುಕ್ಕೆ ಗೋಡೆಯಿಂದ ಜಾರಿ ಬಂದು, ಪರೀಕ್ಷಕರ ಹಣೆಯ ಮೇಲೆ ಕುಂಕುಮದ ಹಾಗೆ ಕೂತಿತು. ಬೆಳಗಾವಿಯವರ ಹೊಟ್ಟೆ ಕುಲುಕತೊಡಗಿತು. ನನಗೆ ನಗುವೋ ಅಳುವೋ ತಿಳಿಯದೆ ಡಬ್ಬಿಯ ಮುಚ್ಚಳ ಅದುಮಿ ಹಿಡಿದೆ. ದೇವರೇ, ಒಂದು ವಾಕ್ಯ. ಒಂದೇ ಒಂದು ವಾಕ್ಯ ಬರಲಿ ಇವಳ ಬಾಯಲ್ಲಿ.

ಆ ಗಳಿಗೆಗೇ ಕಿಟಕಿ ಕಪ್ಪಾಯಿತು. ಸಮುದ್ರದ ಕಡೆಯಿಂದ ಎಮ್ಮೆ ಹಿಂಡಿನಂಥ ಮೋಡ. ಹುಬ್ಬಳ್ಳಿಯವರು ಎದ್ದು ನಿಂತರು. ಅವರು ಎಲ್ಲಿದ್ದೇನೆ ಎಂದು ಯೋಚಿಸಲೇ ಇಲ್ಲ, ಪಾಪ. ಅಷ್ಟು ವರ್ಷಗಳ ಅಭ್ಯಾಸ.

"ಮಳೀ ಬಂತ್ರೀ! ತಗೀರ್ರೀ, ತಗೀರಿ!"

ನಾನೂ ಎದ್ದೆ! ಬೆಳಗಾವಿಯವರೂ ಎದ್ದರು! ಮೂವರೂ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟೆವು. ಮುಂದಿನ ಸಾಲುಗಳೆಲ್ಲ ಹಿಂದಕ್ಕೆ ತಿರುಗಿದವು. ಆಗ ಬುದ್ಧಿ ಬಂದು ಕೂತೆವು, ಬೆಂಚು ಕಿರ್ರೆಂದಿತು.

"ಏನಂದರು ಅವರು?" ಎಂದು ಪರೀಕ್ಷಕರು ನಾದಿನಿಯನ್ನು ಕೇಳಿದರು.

"ಮಳೆ ಬಂತು ಅಂದರು, ಸರ್."

"ಇಷ್ಟು ಜೋರಾಗಿ ಏಕೆ?"

ನಾದಿನಿ ನಮ್ಮನ್ನು ನೋಡಿದಳು. ಕೊನೆಯ ಬೆಂಚನ್ನು. ಮೊದಲು ಅವಳ ಭುಜ ಅಲುಗಿತು, ಆಮೇಲೆ ಫಕ್ಕನೆ ನಕ್ಕಳು, ನಗುತ್ತಲೇ ಮಾತು ಬಂತು. ತಾರಸಿಯ ಸಂಡಿಗೆ, ಮೊದಲ ಹನಿ, ಕೂಗು, ಎಲ್ಲಾ ಹೇಳಿದಳು. "ಸರ್, ವೈರಸ್ ಹೊಕ್ಕ ಜೀವಕೋಶವೂ ಇದನ್ನೇ ಮಾಡುತ್ತದೆ. ತಾನು ಉಳಿಯುವುದು ಅನುಮಾನ, ಆದರೂ ಅಕ್ಕಪಕ್ಕದವರಿಗೆ ಕೂಗಿ ಹೇಳುತ್ತದೆ. ಆ ಕೂಗಿಗೇ ಇಂಟರ್ಫೆರಾನ್ ಅನ್ನುವುದು. ಕೂಗು ಕೇಳಿದ ಪಕ್ಕದ ಕೋಶಗಳು ತಮ್ಮ ತಮ್ಮ ರಕ್ಷಣೆಯನ್ನು ಸಜ್ಜು ಮಾಡಿಕೊಳ್ಳುತ್ತವೆ."

ಈಗ ಅವಳನ್ನು ಹಿಡಿಯುವವರಿಲ್ಲ. ಸಾರ್ಸ್ ವೈರಸ್ಸು ಮಹಾ ಕಿಲಾಡಿಯಂತೆ. ತನ್ನ ನಕಲು ಮಾಡುವ ಕೆಲಸವನ್ನು ಕೋಶದೊಳಗೆ ಪೊರೆಯ ಚೀಲಗಳ ಮರೆಯಲ್ಲಿ ಮಾಡುತ್ತದೆ, ಹನಿ ಬಿದ್ದದ್ದು ಯಾರಿಗೂ ಗೊತ್ತೇ ಆಗದ ಹಾಗೆ. ಅದರ ಒಂದು ಪ್ರೋಟೀನು ಕೋಶದ ಸ್ವಂತ ಸಂದೇಶಗಳನ್ನು ಕತ್ತರಿಸಿ ಹಾಕುತ್ತದೆ, ಕೂಗಬೇಕಾದವಳ ಬಾಯಿಗೆ ಸೆರಗು ತುರುಕಿದ ಹಾಗೆ. ಇಷ್ಟರ ಮೇಲೂ ಕೂಗು ಹೊರಟು, ಯಾರೋ ಕೇಳಿಸಿಕೊಂಡರು ಅನ್ನಿ. ಆ ಸುದ್ದಿ ಕೋಶದ ನಡುಮನೆಗೆ, ಅಂದರೆ ಕೋಶಕೇಂದ್ರಕ್ಕೆ ಮುಟ್ಟಬೇಕು, ಆದೇಶಗಳೆಲ್ಲ ಅಲ್ಲಿಂದಲೇ.

"ಆ ದಾರಿಯಲ್ಲಿ ನನ್ನ ಪ್ರೋಟೀನು ಕೂತಿರುತ್ತದೆ, ಸರ್. ಸುದ್ದಿಯನ್ನು ಒಳಗೆ ಒಯ್ಯಬೇಕಾದ ಹಮಾಲನನ್ನೇ ಅದು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಮಳೆ ಬಂತೆಂದು ಮೆಟ್ಟಿಲೇರಿ ಓಡುವವಳನ್ನು ಒಬ್ಬರು ನಡುವೆ ಸೆರಗು ಹಿಡಿದು, 'ಅಲ್ರೀ, ಚಹಾ ಆತೇನ್ರಿ? ಮಗಳ ಸುದ್ದಿ ಏನ್ರಿ?' ಅಂತ ನಿಲ್ಲಿಸಿಕೊಂಡರೆ ಹೇಗೆ? ಹಾಗೆ."

ನಾನೂ ಹುಬ್ಬಳ್ಳಿಯವರೂ ಒಟ್ಟಿಗೇ ಬೆಳಗಾವಿಯವರ ಕಡೆ ತಿರುಗಿದೆವು.

"ನನ್ನನ್ಯಾಕ ನೋಡ್ತೀರಿ? ನಾ ಏನ್ ಪ್ರೋಟೀನ್ ಏನ್ರಿ?" ಎಂದು ಅವರು ಪಿಸುಗುಟ್ಟಿದ್ದು ಇಡೀ ಹಾಲಿಗೆ ಕೇಳಿಸಿತು.

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗಳು ಗಟ್ಟಿಯಾಗಿಯೇ ಇದ್ದವು. ಹಮಾಲನನ್ನೇ ಹಿಡಿಯುತ್ತದೆ ಎಂದು ಹೇಗೆ ಗೊತ್ತು? ಬೇರೆ ದಾರಿಯಿಂದ ಸುದ್ದಿ ಹೋಗಬಾರದೇಕೆ? ಅವಳು ಒಂದಕ್ಕೂ ತಡವರಿಸಲಿಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್, ಪುಣೆಯಲ್ಲಿ ಅದನ್ನೇ ನೋಡಬೇಕೆಂದಿದ್ದೇನೆ" ಎಂದಳು. ಕೊನೆಯಲ್ಲಿ ಅವರು ಎದ್ದು ಕೈಕುಲುಕಿ, ಅವಳ ಹೆಸರಿನ ಮುಂದೆ ಡಾಕ್ಟರ್ ಸೇರಿಸಿ ಕರೆದರು. ನಾನು ಚಪ್ಪಾಳೆ ತಟ್ಟಲು ಹೋಗಿ ಉಂಡೆಯ ಡಬ್ಬಿಯನ್ನೇ ಬೀಳಿಸಿದೆ. ಶೇಂಗಾ ಉಂಡೆಗಳು ಇಳಿಜಾರಿನ ನೆಲದಲ್ಲಿ ಉರುಳಿ ಪ್ರೊಫೆಸರುಗಳ ಕಾಲ ಬಳಿ ಹೋಗಿ ನಿಂತವು. ಸಮೋಸ ಉಳಿದಿತ್ತು, ಪುಣ್ಯ.

ವಾಪಸು ಬರುವ ಟ್ಯಾಕ್ಸಿಯಲ್ಲಿ ನಮಗೆ ನೆನಪಾಯಿತು: ಕೂಗುವವರೆಲ್ಲ ಹಾಲ್‌ನಲ್ಲಿದ್ದೆವು. ಕಟ್ಟಡದಲ್ಲಿ ಉಳಿದವರು ಇಬ್ಬರೇ. ನಮ್ಮ ಅತ್ತೆಗೆ ಕಿವಿ ಮಂದ. ಬಂದರಿನ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹುಬ್ಬಳ್ಳಿಯವರ ಯಜಮಾನರು ಹಡಗಿನ ಭೋಂಗಾಕ್ಕೂ ಏಳುವವರಲ್ಲ. ಮೂವರೂ ಸೀರೆ ಎತ್ತಿ ಹಿಡಿದು ಮೆಟ್ಟಿಲೇರಿದೆವು, ಹಿಂದೆ ಡಾಕ್ಟರಮ್ಮ. ತಾರಸಿಯಲ್ಲಿ ಬಿಸಿಲೋ ಬಿಸಿಲು. ಮೋಡ ನಮ್ಮ ಗುಡ್ಡವನ್ನು ಮುಟ್ಟದೆ ದಾಟಿಹೋಗಿತ್ತು. ಸಂಡಿಗೆಗಳು ಧೋತರದಿಂದ ಅಂಚು ಬಿಟ್ಟು, ಕೈ ತಾಗಿಸಿದರೆ ಟಣ್ ಎನ್ನುವ ಹಾಗೆ ಒಣಗಿದ್ದವು. ನಾದಿನಿ ವೈವಾಕ್ಕೆ ಉಟ್ಟ ಸೀರೆಯಲ್ಲೇ ಕೂತು ಅವನ್ನು ಬಿಡಿಸಿದಳು. ಬೆಳಗಿನಿಂದ ಮೊದಲ ಸಲ ಹಸಿವೆಯಾಗಿದೆ ಎಂದಳು.

ಸಂಜೆ ಹೊಸ ಸಂಡಿಗೆ ಕರಿದು ಮನೆಮನೆಗೆ ಹಂಚಿದೆ. ಹುಬ್ಬಳ್ಳಿಯವರ ಯಜಮಾನರು ಬನಿಯನ್ನಿನಲ್ಲಿ ಬಾಗಿಲಿಗೆ ಬಂದು, ಹೆಂಡತಿಯಿಂದ ಆಗಲೇ ಕತೆಯನ್ನೆಲ್ಲ ಕೇಳಿಸಿಕೊಂಡಿದ್ದವರು, ಒಂದು ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡರು.

"ಚಲೋ ಆತ್ರಿ, ಭಾಳ ಚಲೋ ಆತು," ಎಂದರು ಅಗಿಯುತ್ತ. "ಆದ್ರ ನೋಡ್ರಿ, ಇಷ್ಟೆಲ್ಲಾ ತಲಿ ಓಡಿಸಿದ್ದು ಆ ವೈರಸ್ಸು. ಡಿಗ್ರಿ ಮಾತ್ರ ನಿಮ್ಮ ನಾದಿನಿಗೆ. ನಮ್ಮ ಆಫೀಸಿನ್ಯಾಗೂ ಹಿಂಗ ರೀ."